ನಾಯಿ ಮತ್ತು ಬೆಕ್ಕುಗಳ ಹಸಿ ಆಹಾರ ಪದ್ಧತಿ

ಹಸಿ ಆಹಾರ ಪದ್ಧತಿ ಎಂಬುದು ಸಾಕು ನಾಯಿ ಮತ್ತು ಬೆಕ್ಕುಗಳಿಗೆ ಬೇಯಿಸದ ಮಾಂಸ, ಮಾಂಸವಿರುವ ಎಲುಬು, ಯಕೃತ್ತು, ಮೂತ್ರಪಿಂಡ ಮೊದಲಾದ ಒಳಾಂಗಗಳು, ಹಸಿ ಮೊಟ್ಟೆ ಹಾಗೂ ಕೆಲವೊಮ್ಮೆ ತರಕಾರಿಗಳನ್ನು ನಿತ್ಯದ ಆಹಾರವಾಗಿ ನೀಡುವ ಕ್ರಮವಾಗಿದೆ. ಈ ಪ್ರಾಣಿಗಳ ಪೂರ್ವಜರು ಬೇಟೆಯಾಡಿ ಹಸಿ ಮಾಂಸವನ್ನೇ ತಿನ್ನುತ್ತಿದ್ದವು, ಆದ್ದರಿಂದ ಅವುಗಳ ದೇಹಕ್ಕೆ ಅದೇ ಸಹಜ ಎಂಬುದು ಇದರ ಪ್ರತಿಪಾದಕರ ಮುಖ್ಯ ವಾದ. ಹಸಿ ಮಾಂಸದಲ್ಲಿನ ರೋಗಾಣುಗಳು ಪ್ರಾಣಿಗೂ ಅದನ್ನು ಸಾಕಿದವರಿಗೂ ಅಪಾಯ ತರಬಲ್ಲವು ಎಂಬ ಕಾರಣದಿಂದ ಅಮೆರಿಕದ ಪಶುವೈದ್ಯಕೀಯ ಸಂಘವು 2012ರಲ್ಲಿ ಇದಕ್ಕೆ ವಿರುದ್ಧವಾದ ನಿಲುವನ್ನು ಅಂಗೀಕರಿಸಿತು. ಬೆಂಗಳೂರಿನಂತಹ ನಗರಗಳಲ್ಲಿ ಮಾಂಸವು ಎಲ್ಲಿಂದ, ಯಾವ ಸ್ಥಿತಿಯಲ್ಲಿ ಮನೆಗೆ ಬರುತ್ತದೆ ಎಂಬುದು ಈ ಚರ್ಚೆಯಲ್ಲಿ ಪೂರ್ವಜರ ಪ್ರಶ್ನೆಗಿಂತ ಹೆಚ್ಚು ಮಹತ್ವ ಪಡೆಯುತ್ತದೆ.

ಹಿನ್ನೆಲೆ

ನಾಯಿಗಳಿಗೆಂದೇ ತಯಾರಿಸಿದ ಆಹಾರದ ಇತಿಹಾಸ ಬಹಳ ಹಳೆಯದಲ್ಲ. 1860ರ ಸುಮಾರಿಗೆ ಲಂಡನ್ನಿನಲ್ಲಿ ಜೇಮ್ಸ್ ಸ್ಪ್ರಾಟ್ ಎಂಬಾತ ನಾಯಿ ಬಿಸ್ಕತ್ತುಗಳ ಮಾರಾಟ ಆರಂಭಿಸಿದನು. ಇಂದು ಅಂಗಡಿಗಳಲ್ಲಿ ಕಾಣುವ ಒಣ ಉಂಡೆಗಳ ರೂಪದ ಆಹಾರವು 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಅದಕ್ಕೂ ಮೊದಲು ಬಹಳಷ್ಟು ನಾಯಿಗಳು ತಿನ್ನುತ್ತಿದ್ದುದು ಮನೆಯವರ ಊಟದಲ್ಲಿ ಉಳಿದದ್ದು ಮತ್ತು ಕಸಾಯಿಖಾನೆಯಲ್ಲಿ ಬಿಸಾಡಿದ್ದು.

ಹಸಿ ಆಹಾರವನ್ನು ಒಂದು ಪದ್ಧತಿಯಾಗಿ ಜನಪ್ರಿಯಗೊಳಿಸಿದವರು ಆಸ್ಟ್ರೇಲಿಯದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್. 1993ರಲ್ಲಿ ಪ್ರಕಟವಾದ ಅವರ 'ಗಿವ್ ಯುವರ್ ಡಾಗ್ ಎ ಬೋನ್' ಕೃತಿಯ ನಂತರ ಈ ಪದ್ಧತಿ 'ಬಾರ್ಫ್' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ತರಕಾರಿಯನ್ನು ಸಂಪೂರ್ಣವಾಗಿ ಬಿಟ್ಟು, ಬೇಟೆಯ ಪ್ರಾಣಿಯ ದೇಹದ ಅನುಪಾತವನ್ನೇ ಅನುಸರಿಸುವ ಇನ್ನೊಂದು ಪಂಗಡವೂ ಇದೆ.

ಬೆಕ್ಕುಗಳ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖಿಸಲಾಗುವುದು ಕ್ಯಾಲಿಫೋರ್ನಿಯದ ವೈದ್ಯ ಫ್ರಾನ್ಸಿಸ್ ಪಾಟೆಂಜರ್ 1932ರಿಂದ 1942ರವರೆಗೆ ನಡೆಸಿದ ಪ್ರಯೋಗ. ಹಸಿ ಮಾಂಸ ತಿಂದ ಬೆಕ್ಕುಗಳು ಆರೋಗ್ಯವಾಗಿದ್ದವು. ಬೇಯಿಸಿದ ಮಾಂಸ ತಿಂದವುಗಳ ಸಂತತಿ ಪೀಳಿಗೆಯಿಂದ ಪೀಳಿಗೆಗೆ ಕ್ಷೀಣಿಸಿತು. ಬೆಕ್ಕಿಗೆ ಟಾರಿನ್ ಎಂಬ ಅಮೈನೊ ಆಮ್ಲ ಅತ್ಯವಶ್ಯಕ ಎಂಬ ವಿಷಯ ಆಗ ತಿಳಿದಿರಲಿಲ್ಲ. ಆ ಬೆಕ್ಕುಗಳಿಗೆ ಕಡಿಮೆಯಾದದ್ದು ಹಸಿತನವಲ್ಲ, ಟಾರಿನ್‌ನಂತಹ ಪೋಷಕಾಂಶಗಳು ಎಂದು ಇಂದು ಬಹುಮಟ್ಟಿಗೆ ವಿವರಿಸಲಾಗುತ್ತದೆ.

ಸಂಯೋಜನೆ

ಸಾಮಾನ್ಯವಾಗಿ ಸೂಚಿಸಲಾಗುವ ಅನುಪಾತದಲ್ಲಿ ನೂರಕ್ಕೆ 80 ಭಾಗ ಮಾಂಸ, 10 ಭಾಗ ಎಲುಬು ಮತ್ತು 10 ಭಾಗ ಒಳಾಂಗಗಳಿರುತ್ತವೆ. ಒಳಾಂಗಗಳಲ್ಲಿ ಅರ್ಧದಷ್ಟು ಯಕೃತ್ತು ಇರಬೇಕೆನ್ನಲಾಗುತ್ತದೆ. ಬೆಳೆದ ನಾಯಿಗೆ ಅದರ ತೂಕದ ಶೇ. 2ರಿಂದ 3ರಷ್ಟು, ಅಂದರೆ 20 ಕೆ.ಜಿ. ತೂಕದ ನಾಯಿಗೆ ದಿನಕ್ಕೆ 400ರಿಂದ 600 ಗ್ರಾಂ ನೀಡುವುದು ವಾಡಿಕೆ. ಇದು ಸ್ಥೂಲ ಲೆಕ್ಕ ಮಾತ್ರ. ಈ ಅನುಪಾತವನ್ನು ಪಾಲಿಸಿದ ಮಾತ್ರಕ್ಕೆ ಸತು, ಅಯೋಡಿನ್, ಮ್ಯಾಂಗನೀಸ್, 'ಇ' ಜೀವಸತ್ವಗಳು ಸಾಕಷ್ಟು ದೊರೆಯುತ್ತವೆ ಎನ್ನಲಾಗದು.

ನಾಯಿ ಮತ್ತು ಬೆಕ್ಕಿನ ವ್ಯತ್ಯಾಸ

ಎರಡೂ ಪ್ರಾಣಿಗಳನ್ನು ಒಂದೇ ವಾದದಲ್ಲಿ ಸೇರಿಸುವುದು ಈ ವಿಷಯದ ಬರಹಗಳಲ್ಲಿ ಪದೇ ಪದೇ ಕಾಣುವ ದೋಷ. ನಾಯಿಯು ಮನುಷ್ಯನೊಂದಿಗೆ ಬಾಳುತ್ತಾ ಧಾನ್ಯಕ್ಕೆ ಒಗ್ಗಿಕೊಂಡ ಪ್ರಾಣಿ. 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪಿಷ್ಟವನ್ನು ಜೀರ್ಣಿಸುವ ಕಿಣ್ವಕ್ಕೆ ಕಾರಣವಾದ ಜೀನ್‌ನ ಪ್ರತಿಗಳು ತೋಳದಲ್ಲಿ 2 ಇದ್ದರೆ, ನಾಯಿಯಲ್ಲಿ 4ರಿಂದ 30ರವರೆಗೆ ಇರುತ್ತವೆ. ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯ ಬೇಟೆನಾಯಿಗಳನ್ನೂ ಹಳ್ಳಿಗಳಲ್ಲಿ ಜೋಳ, ಮೆಕ್ಕೆಜೋಳದ ಗಂಜಿ ಮತ್ತು ಹಾಲಿನ ಮೇಲೆಯೇ ಸಾಕುತ್ತಾ ಬರಲಾಗಿದೆ. ಹಳೆ ಮೈಸೂರು ಭಾಗದ ತೋಟದ ನಾಯಿಗೆ ಸಿಗುತ್ತಿದ್ದುದು ರಾಗಿ ಮುದ್ದೆ.

ಬೆಕ್ಕು ಹಾಗಲ್ಲ. ಅದು ಸಂಪೂರ್ಣ ಮಾಂಸಾಹಾರಿ. ಟಾರಿನ್, ಅರಾಕಿಡೋನಿಕ್ ಆಮ್ಲ ಹಾಗೂ ಸಿದ್ಧರೂಪದ 'ಎ' ಜೀವಸತ್ವಗಳನ್ನು ಅದು ಪ್ರಾಣಿಮೂಲದ ಆಹಾರದಿಂದಲೇ ಪಡೆಯಬೇಕು. ಗಜ್ಜರಿಯಲ್ಲಿನ ಕ್ಯಾರೊಟಿನ್ ಅದಕ್ಕೆ 'ಎ' ಜೀವಸತ್ವವಾಗಿ ಒದಗುವುದಿಲ್ಲ. ಟಾರಿನ್ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲ ನಶಿಸುತ್ತದೆ ಎಂಬುದು 1975ರಲ್ಲಿಯೂ, ಹೃದಯದ ಸ್ನಾಯು ಸಡಿಲಗೊಂಡು ಹಿಗ್ಗುತ್ತದೆ ಎಂಬುದು 1987ರಲ್ಲಿಯೂ 'ಸೈನ್ಸ್' ಪತ್ರಿಕೆಯ ಮೂಲಕ ತಿಳಿದುಬಂದಿತು. ಎರಡನೆಯ ಅಧ್ಯಯನದ ಕಾಲದಲ್ಲಿ ಪರಿಪೂರ್ಣವೆಂದು ಮಾರಾಟವಾಗುತ್ತಿದ್ದ ಡಬ್ಬಿ ಆಹಾರಗಳನ್ನೇ ತಿಂದ ಬೆಕ್ಕುಗಳಲ್ಲಿಯೂ ಈ ಕೊರತೆ ಕಂಡುಬಂದದ್ದು ಗಮನಾರ್ಹ. ಸಂಸ್ಕರಿಸಿದ ಆಹಾರವನ್ನು ಕುರಿತ ಅಪನಂಬಿಕೆ ನಿರಾಧಾರವಾಗಿ ಹುಟ್ಟಿದ್ದಲ್ಲ.

ಮೊಸರನ್ನ ಅಥವಾ ಹಾಲನ್ನವನ್ನು ಮಾತ್ರ ಹಾಕುವ ಸಸ್ಯಾಹಾರಿ ಮನೆಗಳ ಬೆಕ್ಕುಗಳಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಹೊರಗೆ ಓಡಾಡುವ ಬೆಕ್ಕು ಇಲಿ, ಹಲ್ಲಿಗಳಿಂದ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಳ್ಳುತ್ತದೆ. ಬಾಗಿಲು, ಬಾಲ್ಕನಿಗಳಿಗೆ ಜಾಲರಿ ಹಾಕಿದ ಅಪಾರ್ಟ್‌ಮೆಂಟಿನ ಬೆಕ್ಕಿಗೆ ಆ ದಾರಿಯೂ ಇಲ್ಲ. ಅಂತಹ ಬೆಕ್ಕು ಕಾಲಕ್ರಮದಲ್ಲಿ ಕುರುಡಾಗಬಹುದು. ಆದರೆ ಇದಕ್ಕೆ ಪರಿಹಾರ ಮಾಂಸವೇ ಹೊರತು ಹಸಿ ಮಾಂಸವೇ ಆಗಬೇಕೆಂದಿಲ್ಲ.

ಕೋಣನಕುಂಟೆ ಹಾಗೂ ದಕ್ಷಿಣ ಬೆಂಗಳೂರಿನ ಸಂದರ್ಭ

ಕನಕಪುರ ರಸ್ತೆಯ ಕೋಣನಕುಂಟೆ ಮತ್ತು ಅದರ ನೆರೆಯ ಜೆ.ಪಿ. ನಗರ, ಬನಶಂಕರಿ ಬಡಾವಣೆಗಳಲ್ಲಿ ಹಳೆಯ ಹಳ್ಳಿಯ ಮನೆಗಳೂ ಬಹುಮಹಡಿ ವಸತಿ ಸಮುಚ್ಚಯಗಳೂ ಅಕ್ಕಪಕ್ಕದಲ್ಲಿವೆ. ಈ ಭಾಗದಲ್ಲಿ ನಾಯಿ ಸಾಕುವವರ ರೂಢಿ ಹಸಿ ಆಹಾರದ್ದಲ್ಲ. ಕೋಳಿಯ ತಲೆ, ಕಾಲು, ಈಲಿಗಳನ್ನು ಅರಿಶಿನ ಹಾಕಿ ಅನ್ನದೊಂದಿಗೆ ಬೇಯಿಸುವುದೇ ಸಾಮಾನ್ಯ. ಊರಿನ ಹೆಸರಿನಲ್ಲಿ ಕೋಣವಿದ್ದರೂ ಸಾಕುಪ್ರಾಣಿಗಳಿಗೆ ಸುಲಭವಾಗಿ ದೊರೆಯುವ ಮಾಂಸ ಬಾಯ್ಲರ್ ಕೋಳಿಯದು. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಜಾನುವಾರು ಹತ್ಯೆ ಪ್ರತಿಬಂಧಕ ಹಾಗೂ ಸಂರಕ್ಷಣಾ ಕಾಯಿದೆಯು ಹಸು, ಎತ್ತುಗಳ ವಧೆಯನ್ನು ನಿಷೇಧಿಸಿದ್ದು, 13 ವರ್ಷ ಮೀರಿದ ಎಮ್ಮೆ, ಕೋಣಗಳಿಗೆ ಮಾತ್ರ ವಿನಾಯಿತಿ ನೀಡಿದೆ. ಹೀಗಾಗಿ ದನದ ಮಾಂಸವನ್ನು ಆಧರಿಸಿದ ಪಾಶ್ಚಾತ್ಯ ಪಟ್ಟಿಗಳು ಇಲ್ಲಿ ಕೋಳಿಯ ಪಟ್ಟಿಗಳಾಗಿ ಬದಲಾಗುತ್ತವೆ. ಹಸಿ ಆಹಾರದ ಅಪಾಯಗಳಲ್ಲಿ ಹೆಚ್ಚಿನವು ಕೋಳಿಗೇ ಸಂಬಂಧಿಸಿರುವುದರಿಂದ ಈ ಬದಲಾವಣೆ ಸಣ್ಣದಲ್ಲ.

ನಗರದ ಚಿಕನ್ ಅಂಗಡಿಗಳಲ್ಲಿ ಕೋಳಿಯನ್ನು ಗಿರಾಕಿಯ ಎದುರಿನಲ್ಲೇ ಕೊಯ್ದು, ಎಲ್ಲ ಕೋಳಿಗಳಿಗೂ ಬಳಸುವ ಒಂದೇ ಮರದ ಕೊರಡಿನ ಮೇಲೆ ಕತ್ತರಿಸಿ ಕೊಡಲಾಗುತ್ತದೆ. ಕರುಳಿನಲ್ಲಿದ್ದ ರೋಗಾಣು ಮಾಂಸಕ್ಕೆ ತಗಲಲು ಅಷ್ಟು ಸಾಕು. ಈ ಮಾಂಸವನ್ನು ಚೆನ್ನಾಗಿ ಬೇಯಿಸಿ ತಿನ್ನಲಾಗುತ್ತದೆ ಎಂಬ ನಂಬಿಕೆಯ ಮೇಲೆಯೇ ಆ ವ್ಯವಸ್ಥೆ ನಿಂತಿದೆ.

ರೋಗಾಣುಗಳ ಅಪಾಯ

ಹಸಿ ಮಾಂಸಕ್ಕೆ ಹುಟ್ಟಿನಿಂದಲೇ ಒಗ್ಗಿದ ಪ್ರಾಣಿಗೂ ಕಲುಷಿತ ಕೋಳಿಯಿಂದ ಕಾಯಿಲೆ ಬರಬಹುದು ಎಂಬುದಕ್ಕೆ ಕೋಣನಕುಂಟೆಯ ದಕ್ಷಿಣಕ್ಕಿರುವ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ನಿದರ್ಶನವಿದೆ. 2010ರಲ್ಲಿ ಅಲ್ಲಿ ಅಲ್ಪಾವಧಿಯಲ್ಲಿ ಹಲವು ಹುಲಿಗಳು ಸಾವನ್ನಪ್ಪಿದವು. ಸಾಲ್ಮೊನೆಲ್ಲಾ ಸೋಂಕು ಇದಕ್ಕೆ ಕಾರಣವೆಂದೂ, ಆಹಾರವಾಗಿ ನೀಡಿದ ಕೋಳಿಮಾಂಸ ಸೋಂಕಿನ ಮೂಲವೆಂದೂ ಆಗ ವರದಿಯಾಯಿತು.

ಸಾಕುನಾಯಿಗಳಲ್ಲಿ ಸಾಲ್ಮೊನೆಲ್ಲಾ ಹಲವು ಬಾರಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಆರೋಗ್ಯವಾಗಿ ಕಾಣುವ ನಾಯಿ ತನ್ನ ಮಲದ ಮೂಲಕ ರೋಗಾಣುವನ್ನು ಹೊರಹಾಕುತ್ತಿರುತ್ತದೆ. ಅದರ ಜೊಲ್ಲು, ತಟ್ಟೆ, ಮಲಗುವ ಹಾಸಿಗೆಗಳ ಮೂಲಕ ಅದು ಮನೆಯ ಮಕ್ಕಳು, ವೃದ್ಧರು, ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರನ್ನು ತಲುಪುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2010ರಿಂದ 2012ರವರೆಗೆ ಪರೀಕ್ಷಿಸಿದ 196 ಹಸಿ ಆಹಾರದ ಮಾದರಿಗಳ ಪೈಕಿ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಪತ್ತೆಯಾಯಿತು. ನೆದರ್ಲೆಂಡ್ಸ್‌ನಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೈತ್ಯೀಕರಿಸಿದ 35 ಉತ್ಪನ್ನಗಳ ಪೈಕಿ 19ರಲ್ಲಿ ಲಿಸ್ಟೀರಿಯಾ, 7ರಲ್ಲಿ ಸಾಲ್ಮೊನೆಲ್ಲಾ ಇದ್ದವು. ಇವೆರಡೂ ಪ್ಯಾಕೆಟ್ಟಿನಲ್ಲಿ ಮಾರಾಟವಾಗುವ, ಸಾಕುಪ್ರಾಣಿಗಳಿಗೆಂದೇ ತಯಾರಿಸಿದ ಆಹಾರದ ಅಂಕಿಗಳು.

ಕೋಳಿಯ ಕುತ್ತಿಗೆಯನ್ನು ಹಸಿಯಾಗಿ ನೀಡುವುದು ಬಹಳ ಪ್ರಚಲಿತ. ಕೋಳಿಮಾಂಸದಲ್ಲಿ ಸಾಮಾನ್ಯವಾದ ಕ್ಯಾಂಪಿಲೊಬ್ಯಾಕ್ಟರ್ ರೋಗಾಣುವಿಗೂ, ನಾಯಿಯ ಕಾಲುಗಳು ಏಕಾಏಕಿ ಬಲ ಕಳೆದುಕೊಳ್ಳುವ ನರರೋಗವೊಂದಕ್ಕೂ ಸಂಬಂಧವಿದೆಯೆಂದು 2018ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ವರದಿ ಮಾಡಿದರು. ಹಸಿ ಕೋಳಿ, ವಿಶೇಷವಾಗಿ ಕುತ್ತಿಗೆ ತಿನ್ನುವ ನಾಯಿಗಳಲ್ಲಿ ಇದರ ಸಂಭವ ಹೆಚ್ಚೆಂದು ಅವರು ತಿಳಿಸಿದ್ದಾರೆ.

ಇತ್ತೀಚಿನ ವರ್ಷಗಳಲ್ಲಿ ಹಕ್ಕಿಜ್ವರವು ಈ ಪಟ್ಟಿಗೆ ಸೇರಿದೆ. ಎಚ್5ಎನ್1 ವೈರಾಣು ಬೆಕ್ಕಿನ ಕುಲದ ಪ್ರಾಣಿಗಳಿಗೆ ಮಾರಕ. 2024ರ ಡಿಸೆಂಬರ್‌ನಲ್ಲಿ ನಾಗಪುರದ ಗೋರೆವಾಡ ಕೇಂದ್ರದಲ್ಲಿ ಮೂರು ಹುಲಿ ಮತ್ತು ಒಂದು ಚಿರತೆ ಇದರಿಂದ ಸತ್ತವು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕುಬೆಕ್ಕುಗಳಲ್ಲಿಯೂ ಸೋಂಕು ದೃಢಪಟ್ಟಿತು. ಅದೇ ವರ್ಷದ ಆರಂಭದಲ್ಲಿ ಕರ್ನಾಟಕದ ಬಳ್ಳಾರಿ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕೋಳಿಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ಚೆನ್ನಾಗಿ ಬೇಯಿಸಿದ ಮಾಂಸದಲ್ಲಿ ಈ ವೈರಾಣು ಉಳಿಯುವುದಿಲ್ಲ, ಫ್ರೀಜರ್‌ನಲ್ಲಿ ಉಳಿಯುತ್ತದೆ.

ಕುರಿ, ಮೇಕೆ, ಎಮ್ಮೆಗಳ ಒಳಾಂಗಗಳಿಂದ ಬರುವ ತೊಂದರೆ ಬೇರೆ ಬಗೆಯದು. ಅವುಗಳ ಯಕೃತ್ತು ಹಾಗೂ ಶ್ವಾಸಕೋಶಗಳಲ್ಲಿ ನೀರುಗುಳ್ಳೆಗಳ ರೂಪದಲ್ಲಿರುವ ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿಗಳು ನಾಯಿಯ ಕರುಳಿನಲ್ಲಿ ಬೆಳೆದು ಮೊಟ್ಟೆಯಿಡುತ್ತವೆ. ಆ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಅದೇ ಬಗೆಯ ಗುಳ್ಳೆಗಳು ಅವನ ದೇಹದಲ್ಲಿ ವರ್ಷಗಟ್ಟಲೆ ಬೆಳೆಯುತ್ತವೆ. ಮಾಂಸದಂಗಡಿಯವರು ಬಿಸಾಡುವ ಶ್ವಾಸಕೋಶದ ತುಂಡುಗಳನ್ನು ಬೀದಿನಾಯಿಗಳು ತಿನ್ನುವುದೂ ಈ ಚಕ್ರದ ಭಾಗವೇ. ಬೆಕ್ಕುಗಳಲ್ಲಿ ಟಾಕ್ಸೊಪ್ಲಾಸ್ಮಾ ಇದಕ್ಕೆ ಸಮಾನವಾದ ಸಮಸ್ಯೆ. ಮೊದಲ ಬಾರಿ ಸೋಂಕು ತಗುಲಿದ ಬೆಕ್ಕಿನ ಮಲ ಗರ್ಭಸ್ಥ ಶಿಶುವಿಗೆ ಅಪಾಯಕಾರಿ.

ಪೋಷಕಾಂಶಗಳ ಅಸಮತೋಲನ

ಎಲುಬಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಸುಮಾರು 20 ಪಟ್ಟು ಹೆಚ್ಚಿರುತ್ತದೆ. ಬರೀ ಮಾಂಸ ತಿಂದು ಬೆಳೆಯುವ ಮರಿಯ ದೇಹವು ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ಹೀರಿಕೊಂಡು ಕಾಲುಗಳು ಸೊಟ್ಟಗಾಗುತ್ತವೆ, ಸಣ್ಣ ನೆಗೆತಕ್ಕೂ ಎಲುಬು ಮುರಿಯುತ್ತದೆ. ಇದು ಹಸಿ ಮಾಂಸಕ್ಕೂ ಬೇಯಿಸಿದ ಮಾಂಸಕ್ಕೂ ಸಮಾನವಾಗಿ ಅನ್ವಯಿಸುತ್ತದೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ, ಅದರಲ್ಲಿನ ಫೈಟೇಟ್‌ನಿಂದಾಗಿ ಎಲ್ಲವೂ ದೇಹಕ್ಕೆ ಒದಗದು.

ಯಕೃತ್ತನ್ನೇ ಇಷ್ಟಪಟ್ಟು ತಿನ್ನುವ ಬೆಕ್ಕಿನಲ್ಲಿ 'ಎ' ಜೀವಸತ್ವ ಅತಿಯಾಗಿ ಕುತ್ತಿಗೆಯ ಮೂಳೆಗಳು ಬೆಸೆದುಕೊಳ್ಳುತ್ತವೆ. ಕೆಲವು ಜಾತಿಯ ಹಸಿ ಮೀನುಗಳಲ್ಲಿ ಥಯಮಿನ್ ಜೀವಸತ್ವವನ್ನು ನಾಶಮಾಡುವ ಕಿಣ್ವವಿದ್ದು, ಅವನ್ನು ನಿತ್ಯ ತಿನ್ನುವ ಬೆಕ್ಕು ತಲೆ ಜೋತುಬಿದ್ದು ಸೆಳವಿಗೆ ಒಳಗಾಗಬಹುದು. ಬೇಯಿಸಿದರೆ ಈ ಕಿಣ್ವ ನಾಶವಾಗುತ್ತದೆ. ಬೇಯಿಸಿದ ಎಲುಬು ಚೂಪಾಗಿ ಸೀಳುವುದರಿಂದ ಅದನ್ನು ಕೊಡಲೇಬಾರದು ಎಂಬ ಪ್ರತಿಪಾದಕರ ಮಾತು ಸರಿಯೇ. ಆದರೆ ಹಸಿ ಎಲುಬೂ ಗಂಟಲು, ಕರುಳುಗಳಲ್ಲಿ ಸಿಕ್ಕಿಕೊಳ್ಳಬಹುದು, ಹಲ್ಲು ಮುರಿಯಬಹುದು.

ಮುನ್ನೆಚ್ಚರಿಕೆಗಳು

ಹಸಿ ಆಹಾರವನ್ನೇ ನೀಡಲು ಬಯಸುವವರು ಮಾಂಸವನ್ನು ಕೆಲವು ದಿನ ಫ್ರೀಜರ್‌ನಲ್ಲಿರಿಸಿ ಬಳಸುತ್ತಾರೆ. ಮೈನಸ್ 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಲವು ದಿನ ಇರಿಸಿದರೆ ಟಾಕ್ಸೊಪ್ಲಾಸ್ಮಾದಂತಹ ಪರಾವಲಂಬಿಗಳು ಸಾಯುತ್ತವೆಯಾದರೂ ಸಾಲ್ಮೊನೆಲ್ಲಾ ಸಾಯುವುದಿಲ್ಲ. ವಿದ್ಯುತ್ ಕಡಿತವಾಗಿ ಕರಗಿದ ಮಾಂಸವನ್ನು ಮತ್ತೆ ಹೆಪ್ಪುಗಟ್ಟಿಸಿ ಬಳಸುವುದು ಇನ್ನೂ ಅಪಾಯಕರ. ತಟ್ಟೆಯಲ್ಲಿ ಉಳಿದದ್ದನ್ನು ಕೂಡಲೇ ತೆಗೆಯುವುದು, ಚಾಕು ಮತ್ತು ಹಲಗೆಗಳನ್ನು ಪ್ರತ್ಯೇಕವಾಗಿಡುವುದು, ಸೋಪಿನಿಂದ ಕೈ ತೊಳೆಯುವುದು ಹಾಗೂ ಪಶುವೈದ್ಯರ ಸಲಹೆಯಂತೆ ಜಂತುನಾಶಕ ಕೊಡಿಸುವುದು ಕಡ್ಡಾಯ. ಚಿಕ್ಕ ಮಕ್ಕಳು, ಗರ್ಭಿಣಿಯರು ಅಥವಾ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು ಇರುವ ಮನೆಗಳಲ್ಲಿ ಈ ಪದ್ಧತಿಯನ್ನು ಅನುಸರಿಸಬಾರದೆಂದು ಸೂಚಿಸಲಾಗುತ್ತದೆ.

ಮನೆಯಲ್ಲಿ ಬೇಯಿಸಿ ಕೊಡುವವರು ಎಲುಬನ್ನು ತೆಗೆದು, ಕ್ಯಾಲ್ಸಿಯಂ ಮತ್ತು ಇತರ ಖನಿಜಗಳನ್ನು ಪಶುವೈದ್ಯರು ತಿಳಿಸಿದ ಪ್ರಮಾಣದಲ್ಲಿ ಸೇರಿಸಬೇಕಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿಗಳು ಕೆಂಪು ರಕ್ತಕಣಗಳನ್ನು ನಾಶಮಾಡುವುದರಿಂದ, ಅದರಲ್ಲೂ ಬೆಕ್ಕಿಗೆ ಹೆಚ್ಚು ಹಾನಿಕರವಾದ್ದರಿಂದ, ಮನೆಯವರಿಗಾಗಿ ಮಾಡಿದ ಸಾರನ್ನು ಬೆರೆಸಬಾರದು. ಟಾರಿನ್ ನೀರಿನಲ್ಲಿ ಕರಗುವ ವಸ್ತು. ಮಾಂಸ ಬೆಂದ ನೀರಿನಲ್ಲಿ ಅದು ಉಳಿದಿರುವುದರಿಂದ ಆ ನೀರನ್ನು ಚೆಲ್ಲದೆ ಬೆಕ್ಕಿನ ಆಹಾರಕ್ಕೆ ಸೇರಿಸಲಾಗುತ್ತದೆ. ಕೋಳಿಯ ಗುಂಡಿಗೆ ಮತ್ತು ತೊಡೆಯ ಮಾಂಸದಲ್ಲಿ ಟಾರಿನ್ ಎದೆಯ ಮಾಂಸಕ್ಕಿಂತ ಹೆಚ್ಚಿರುತ್ತದೆ.