ಚಳ್ಳಕೆರೆಯ ಶೇಂಗಾ ಎಣ್ಣೆ ಮತ್ತು ಸ್ನಿಗ್ಧತೆಯ ಏಕಮಾನಗಳು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಿಗೆ ಸೇರಿವೆ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದರೂ ಅದರ ಹೊಲಗಳನ್ನು ಬಹುಮಟ್ಟಿಗೆ ಆಳಿರುವುದು ಮಳೆಯಾಶ್ರಿತ ಶೇಂಗಾ. ಈ ಸೀಮೆಯ ಶೇಂಗಾವನ್ನು ಅರೆದು ಎಣ್ಣೆ ತೆಗೆದ ಚಳ್ಳಕೆರೆಗೆ ‘ಎಣ್ಣೆ ನಗರ’ವೆಂಬ ಹೆಸರು ಬಂದಿತು. ಹಿಂದಿನಷ್ಟು ಗಿರಣಿಗಳು ಇಂದು ಉಳಿದಿಲ್ಲವಾದರೂ ಹೆಸರು ಉಳಿದಿದೆ. ಗಿರಣಿಯಲ್ಲಿ ಬೀಜವನ್ನು ಹಿಂಡುವ ಮುನ್ನ ಹಬೆಯಿಂದ ಬಿಸಿಮಾಡುವುದಕ್ಕಿರುವ ಕಾರಣಗಳಲ್ಲಿ ಒಂದು ಸ್ನಿಗ್ಧತೆಗೆ ಸಂಬಂಧಿಸಿದ್ದು. ಕಾದಾಗ ಎಣ್ಣೆ ತೆಳುವಾಗಿ ಸುಲಭವಾಗಿ ಹರಿಯುತ್ತದೆ.

ದ್ರವದ ಪದರಗಳು ಒಂದರ ಮೇಲೊಂದು ಜಾರುವಾಗ ಉಂಟಾಗುವ ಪ್ರತಿರೋಧವೇ ಗತಿಕ ಸ್ನಿಗ್ಧತೆ. ಅದನ್ನು ದ್ರವದ ಸಾಂದ್ರತೆಯಿಂದ ಭಾಗಿಸಿದರೆ ಶುದ್ಧಗತಿಕ ಸ್ನಿಗ್ಧತೆ, ಅಂದರೆ ಪ್ರಯೋಗಾಲಯಗಳಲ್ಲಿ ಕೈನೆಮ್ಯಾಟಿಕ್ ವಿಸ್ಕಾಸಿಟಿ ಎನ್ನುವ ರಾಶಿ ದೊರೆಯುತ್ತದೆ. ಭಾಗಾಕಾರದಲ್ಲಿ ದ್ರವ್ಯರಾಶಿ ಕಳಚಿ ಹೋಗಿ ಉದ್ದ ಮತ್ತು ಕಾಲ ಮಾತ್ರ ಉಳಿಯುವುದರಿಂದ ಇದರ ಏಕಮಾನ ‘ಸೆಕೆಂಡಿಗೆ ಇಷ್ಟು ಚದರ ಮೀಟರ್’. ಇದರ ಫಲ ಕೆಲವೊಮ್ಮೆ ಸಾಮಾನ್ಯ ಕಲ್ಪನೆಗೆ ವಿರುದ್ಧವಾಗಿರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಮೌಲ್ಯ ಸೆಕೆಂಡಿಗೆ ಸುಮಾರು 1 ಚದರ ಮಿಲಿಮೀಟರ್, ಗಾಳಿಯದು ಸುಮಾರು 15, ಪಾದರಸದ್ದು ಕೇವಲ 0.11. ಗಾಳಿ ನೀರಿಗಿಂತ ‘ದಪ್ಪ’ವೆಂದು ಇದರ ಅರ್ಥವಲ್ಲ, ಅದರ ಸಾಂದ್ರತೆ ತೀರ ಕಡಿಮೆ, ಅಷ್ಟೆ.

ಚದರ ಮೀಟರ್ ಇಲ್ಲಿ ವಿಪರೀತ ದೊಡ್ಡ ಅಳತೆ. 40 ಡಿಗ್ರಿಯಲ್ಲಿ ಶೇಂಗಾ ಎಣ್ಣೆಯ ಮೌಲ್ಯವನ್ನು ಆ ಏಕಮಾನದಲ್ಲಿ ಬರೆದರೆ ಸುಮಾರು 0.00004 ಆಗುತ್ತದೆ. ಐರಿಷ್ ಮೂಲದ ವಿಜ್ಞಾನಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ (1819–1903) ಅವರ ಹೆಸರಿನ ‘ಸ್ಟೋಕ್ಸ್’ ಬಳಕೆಗೆ ಬಂದಿತು. ಸೆಕೆಂಡಿಗೆ 1 ಚದರ ಸೆಂಟಿಮೀಟರ್ ಒಂದು ಸ್ಟೋಕ್ಸ್. ಅದರ ನೂರನೇ ಒಂದು ಭಾಗ ಸೆಂಟಿಸ್ಟೋಕ್ಸ್. ಒಂದು ಸೆಂಟಿಸ್ಟೋಕ್ಸ್ ಸೆಕೆಂಡಿಗೆ 1 ಚದರ ಮಿಲಿಮೀಟರಿಗೆ ಸರಿಸಮ. ಹೀಗೆ ಶೇಂಗಾ ಎಣ್ಣೆಯ ಮೌಲ್ಯ 40 ಸೆಂಟಿಸ್ಟೋಕ್ಸ್ ಅಥವಾ 0.4 ಸ್ಟೋಕ್ಸ್.

ಪರಿವರ್ತನೆಯಲ್ಲಿ ಎಡವುವ ಜಾಗ ‘ಚದರ’ ಎಂಬ ಪದ. ಒಂದು ಮೀಟರಿಗೆ 1,000 ಮಿಲಿಮೀಟರ್ ಎಂಬುದು ಎಲ್ಲರಿಗೂ ಗೊತ್ತು. ಆದರೆ ಒಂದು ಚದರ ಮೀಟರಿಗೆ 10 ಲಕ್ಷ ಚದರ ಮಿಲಿಮೀಟರ್. 40ನ್ನು ಸಾವಿರದಿಂದ ಭಾಗಿಸಿದವರು ಎಣ್ಣೆಯನ್ನು ಸಾವಿರ ಪಟ್ಟು ದಪ್ಪಗೊಳಿಸಿದಂತೆ. 50 ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ಆ ಎಣ್ಣೆ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿಯುತ್ತಿದೆ ಎಂದುಕೊಳ್ಳಬಹುದು. ವೇಗವನ್ನು ವ್ಯಾಸದಿಂದ ಗುಣಿಸಿ ಸ್ನಿಗ್ಧತೆಯಿಂದ ಭಾಗಿಸಿದರೆ ಬರುವ ರೆನಾಲ್ಡ್ಸ್ ಸಂಖ್ಯೆ 1,250. ಅದು 2,300ಕ್ಕಿಂತ ಕಡಿಮೆಯಾದ್ದರಿಂದ ಹರಿವು ಪದರ ಪದರವಾಗಿ, ಶಾಂತವಾಗಿರುತ್ತದೆ. ಅದೇ ಕೊಳವೆಯಲ್ಲಿ ನೀರಿಗೆ ಅದು ಸುಮಾರು 50,000, ಹರಿವು ಪ್ರಕ್ಷುಬ್ಧ. 0.4 ಸ್ಟೋಕ್ಸನ್ನು 0.4 ಸೆಂಟಿಸ್ಟೋಕ್ಸ್ ಎಂದು ಓದಿಕೊಂಡರೆ ಎಣ್ಣೆಯ ಸಂಖ್ಯೆ 1,25,000ಕ್ಕೆ ಏರುತ್ತದೆ. ಆ ಲೆಕ್ಕ ನಂಬಿ ಆರಿಸಿದ ಪಂಪು ಗಿರಣಿಯಲ್ಲಿ ಹೊಂದುವುದಿಲ್ಲ.

ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಪರಿಚಿತವಾದ ರೆಡ್‌ವುಡ್ ಮಾಪಕದ್ದು ಬೇರೆಯದೇ ಬಗೆ. ಅದರಲ್ಲಿ 50 ಮಿಲಿಲೀಟರ್ ಎಣ್ಣೆ ಸಣ್ಣ ರಂಧ್ರದಿಂದ ಇಳಿಯಲು ಹಿಡಿಯುವ ಸೆಕೆಂಡುಗಳೇ ಅಳತೆ. ಇಲ್ಲಿ ಒಂದೇ ಗುಣಕದಿಂದ ಕೆಲಸ ನಡೆಯದು. ಕಾಲ 100 ಸೆಕೆಂಡಿಗಿಂತ ಹೆಚ್ಚಾಗಿದ್ದರೆ, ಅದನ್ನು 0.247ರಿಂದ ಗುಣಿಸಿ, 50ನ್ನು ಆ ಕಾಲದಿಂದ ಭಾಗಿಸಿ ಬಂದುದನ್ನು ಕಳೆದರೆ ಸೆಂಟಿಸ್ಟೋಕ್ಸ್ ಸಿಗುತ್ತದೆ. 163 ಸೆಕೆಂಡಿಗೆ ಇದು ಸುಮಾರು 40. ಅದಕ್ಕಿಂತ ತೆಳುವಾದ ದ್ರವಗಳಿಗೆ ಸೂತ್ರದ ಅಂಕಿಗಳೇ ಬೇರೆ. ಉಷ್ಣತೆಯನ್ನು ನಮೂದಿಸದ ಅಂಕಿಗಂತೂ ಬೆಲೆಯೇ ಇಲ್ಲ.

ಮಾನದ ಎರಡು ತುದಿಗಳು ಎಷ್ಟು ದೂರವೆಂಬುದೂ ಗಮನಾರ್ಹ. ದ್ರವ ಹೀಲಿಯಂನ ಮೌಲ್ಯ ಅದರ ಕುದಿಬಿಂದುವಿನಲ್ಲಿ ಸೆಕೆಂಡಿಗೆ 0.03 ಚದರ ಮಿಲಿಮೀಟರಿನ ಆಸುಪಾಸು. ಲಕ್ಷಾಂತರ ವರ್ಷಗಳ ಗತಿಯಲ್ಲಿ ದ್ರವದಂತೆ ಹರಿಯುವ ಭೂಮಿಯ ಕವಚದ ಶಿಲೆಯದು ಸೆಕೆಂಡಿಗೆ ಸುಮಾರು 10ರ 17ನೆಯ ಘಾತದಷ್ಟು ಚದರ ಮೀಟರ್. ಇಂಥಲ್ಲಿ ಸೊನ್ನೆಗಳನ್ನು ಎಣಿಸಿ ಬರೆಯುವುದಕ್ಕಿಂತ ಘಾತಾಂಕಕ್ಕೆ 6 ಕೂಡಿಸುವುದು ಸುರಕ್ಷಿತ. ಚದರ ಮಿಲಿಮೀಟರಿನಲ್ಲಿ ಅದು 10ರ 23ನೆಯ ಘಾತ.

ಈ ಅಂಕಿಗಳು ರೈತನ ಬೆಳೆಯನ್ನು ನೇರವಾಗಿ ಮುಟ್ಟುವುದು ಎಂಜಿನಿನಲ್ಲಿ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಿಂದಲೇ ಓಡಿತ್ತು. ಆದರೆ ಇಂದಿನ ಭಾರತೀಯ ಮಾನಕವು 40 ಡಿಗ್ರಿಯಲ್ಲಿ ಡೀಸೆಲ್‌ಗೆ ಒಪ್ಪುವುದು 2ರಿಂದ 4.5 ಸೆಂಟಿಸ್ಟೋಕ್ಸ್ ಮಾತ್ರ. ಅದರ ಸುಮಾರು ಹತ್ತು ಪಟ್ಟಿರುವ ಎಣ್ಣೆ ಇಂಜೆಕ್ಟರಿನಲ್ಲಿ ಸೂಕ್ಷ್ಮ ಹನಿಗಳಾಗಿ ಒಡೆಯದೆ ಅರೆಬೆಂದು ಮಸಿ ಕಟ್ಟುತ್ತದೆ. ಎಣ್ಣೆಯನ್ನು ಮೆಥನಾಲ್ ಜೊತೆ ವರ್ತಿಸುವಂತೆ ಮಾಡಿ ಗ್ಲಿಸರಿನ್ ಬೇರ್ಪಡಿಸಿದಾಗ ದೊರೆಯುವ ಜೈವಿಕ ಡೀಸೆಲ್‌ನ ಸ್ನಿಗ್ಧತೆ 4ರಿಂದ 5ಕ್ಕೆ ಇಳಿಯುತ್ತದೆ. ತಿನ್ನುವ ಎಣ್ಣೆಯನ್ನು ಸುಡುವುದು ಬರದ ಸೀಮೆಗೆ ಒಪ್ಪುವ ಮಾತಲ್ಲ. ಹೊಂಗೆಯಂಥ ತಿನ್ನಲಾಗದ ಎಣ್ಣೆಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ, ಅವುಗಳ ಮೌಲ್ಯವೂ 40ರ ಸಮೀಪವೇ ಇದೆ.