ಟವರಿನ ನೆಲೆ ಮತ್ತು ಗ್ರಾಮದ ಸಮ್ಮತಿ

ಊರಿನಲ್ಲಿ ಮೊಬೈಲ್ ಟವರು ಎಲ್ಲಿ ನಿಲ್ಲಬೇಕು, ಬ್ರಾಡ್‌ಬ್ಯಾಂಡ್ ಕೇಬಲ್ಲಿಗಾಗಿ ಯಾವ ರಸ್ತೆಯನ್ನು ಅಗೆಯಬೇಕು ಎಂಬುದನ್ನು ನಿಶ್ಚಯಿಸತಕ್ಕವರಾರು? ಆಳಂದ ತಾಲೂಕಿನ ಸರಸಂಬಾದಂತಹ ಗ್ರಾಮದವರು ಈ ಪ್ರಶ್ನೆಯನ್ನು ಕೇಳಿದರೆ ಕಾಯಿದೆಯಲ್ಲಿ ದೊರೆಯುವ ಉತ್ತರವು ಸಮಾಧಾನಕರವಾಗಿಲ್ಲ.

1885ರ ಟೆಲಿಗ್ರಾಫ್ ಕಾಯಿದೆಯನ್ನು ರಚಿಸಿದವರು ಪರಕೀಯರು. ಪ್ರಜೆಗಳ ಮಾತಿಗೆ ಕಿವಿಗೊಡುವುದು ಅವರ ಸ್ವಭಾವವಾಗಿರಲಿಲ್ಲ. ಅದಾಗಿಯೂ, ಸ್ಥಳೀಯ ಸಂಸ್ಥೆಗಳ ವಶದಲ್ಲಿರುವ ಆಸ್ತಿಯಲ್ಲಿ ಅವುಗಳ ಅನುಮತಿಯಿಲ್ಲದೆ ತಂತಿಯನ್ನು ಹಾಯಿಸಕೂಡದೆಂದೂ, ಅನುಮತಿಯನ್ನೀಯುವಾಗ ಕೆಲಸದ ಕಾಲ, ಕ್ರಮ, ವೆಚ್ಚಗಳ ಬಗ್ಗೆ ಯುಕ್ತವಾದ ಷರತ್ತುಗಳನ್ನು ವಿಧಿಸಬಹುದೆಂದೂ ಅವರೇ ಅದರಲ್ಲಿ ಬರೆದಿಟ್ಟರು.

ಸ್ವರಾಜ್ಯದಲ್ಲಿ ಆದುದೇನು? 1993ರಲ್ಲಿ ಪಂಚಾಯತಿಗಳಿಗೆ ಸಂವಿಧಾನದ ಆಶ್ರಯ ದೊರೆಯಿತು. ಆದರೆ 2016ರ ಮಾರ್ಗಾಧಿಕಾರ ನಿಯಮಗಳು, ಅರ್ಜಿ ಬಂದ 60 ದಿನಗಳೊಳಗೆ ಉತ್ತರ ಬಾರದಿದ್ದರೆ ಅನುಮತಿ ದೊರೆತಂತೆಯೇ ಎಂದವು. 2022ರ ತಿದ್ದುಪಡಿಯು ಖಾಸಗಿ ಜಮೀನಿನಲ್ಲಿ ಟವರು ನಿಲ್ಲಿಸಲು ಅನುಮತಿಯೇ ಬೇಡ, ಮುಂಚಿತವಾಗಿ ತಿಳಿಸಿದರೆ ಸಾಕೆಂದಿತು. 2023ರ ಕಾಯಿದೆಯ ಮೇರೆಗೆ ರಚಿತವಾಗಿ 2025ರ ಜನವರಿ 1ರಿಂದ ಜಾರಿಗೆ ಬಂದ ಹೊಸ ನಿಯಮಗಳಲ್ಲಿಯೂ ಮೌನವೇ ಸಮ್ಮತಿಯೆಂಬ ತತ್ತ್ವವು ಉಳಿದಿದೆ. ನಮ್ಮ ರಾಜ್ಯದಲ್ಲಿ ಗ್ರಾಮಸಭೆಯು ಆರು ತಿಂಗಳಿಗೊಮ್ಮೆ ಕೂಡಿದರೂ ಕಾಯಿದೆಯ ಪಾಲನೆಯಾಗುತ್ತದೆ. ಊರವರು ಕೂಡುವುದರೊಳಗೆ ಅರ್ಜಿಯ ಅವಧಿಯೇ ತೀರಿಹೋದರೆ ಆ ಮೌನವು ಯಾರ ಸಮ್ಮತಿ?

ಇಷ್ಟಕ್ಕೂ ದೋಷವೆಲ್ಲ ದಿಲ್ಲಿಯದೆನ್ನುವುದು ನ್ಯಾಯವಲ್ಲ. ಮನಸ್ಸಿಗೆ ಬಂದಂತೆ ಶುಲ್ಕ ಕೇಳುವುದು, ಕಡತವನ್ನು ಮೇಜಿನ ಮೇಲೆಯೇ ಮಲಗಿಸುವುದು ನಮ್ಮ ಸ್ಥಳೀಯ ಸಂಸ್ಥೆಗಳಿಗೆ ಅಪರಿಚಿತವಾದ ವಿದ್ಯೆಯೇನಲ್ಲ. ಟವರು ಬೇಡವೆನ್ನುವವರೂ ನಾವಲ್ಲ. ಪಡಿತರಕ್ಕೆ ಹೆಬ್ಬೆಟ್ಟು ಒತ್ತಲು ಹೋದವರು ಸಿಗ್ನಲ್ ಇಲ್ಲವೆಂದು ಹಿಂದಿರುಗುವ ಕಷ್ಟವನ್ನು ಬಲ್ಲೆವು. ಸುಮಾರು 2.5 ಲಕ್ಷ ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ಮುಟ್ಟಿಸುವೆವೆಂದು 2011ರಲ್ಲಿ ಮಂಜೂರಾದ ಯೋಜನೆಯೇ ಇಂದಿನ ಭಾರತ್‌ನೆಟ್. ಪಂಚಾಯತಿಯ ಬಾಗಿಲಿಗೆ ತಂತಿಯನ್ನು ತರುವ ಸರಕಾರವು, ಅದು ಬರುವ ದಾರಿಯ ವಿಷಯದಲ್ಲಿ ಮಾತ್ರ ಪಂಚಾಯತಿಯ ಮಾತನ್ನು ಕಾಲಮಿತಿಯ ಸಂಗತಿಯಾಗಿಸಿರುವುದು ವಿಚಿತ್ರ!

ಟವರಿಗೆ ಯೋಗ್ಯವಾದ ಗಾಯರಾಣ ಯಾವುದು, ಶಾಲೆಯ ಅಂಗಳವೂ ಸ್ಮಶಾನದ ದಾರಿಯೂ ಏಕೆ ಸಲ್ಲವು, ಹೊಸದಾಗಿ ಹಾಕಿದ ಯಾವ ಸಿಮೆಂಟು ರಸ್ತೆಯನ್ನು ಅಗೆಯಕೂಡದು ಎಂಬ ಪಟ್ಟಿಯನ್ನು ಗ್ರಾಮಸಭೆಯು ಮೊದಲೇ ಠರಾವು ಮಾಡಿ ಇಟ್ಟುಕೊಂಡರೆ, ಅರ್ಜಿ ಬಂದ ವಾರದಲ್ಲಿಯೇ ಅಭಿವೃದ್ಧಿ ಅಧಿಕಾರಿಯು ಕಾರಣಸಹಿತವಾಗಿ ಲಿಖಿತ ಉತ್ತರ ಕೊಡಬಹುದು. ಖಾಸಗಿ ಜಮೀನಿನ ಟವರಿನ ಸುದ್ದಿಯು ಪಂಚಾಯತಿಗೆ ಬಂದರೆ ಅದನ್ನು ಅಂದೇ ಫಲಕದ ಮೇಲೆ ಅಂಟಿಸಲಿ. ಇದಕ್ಕೆ ಬೆಂಗಳೂರಿನ ಅಪ್ಪಣೆಯೂ ದಿಲ್ಲಿಯ ತಿದ್ದುಪಡಿಯೂ ಬೇಕಾಗಿಲ್ಲ. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಒಂದು ವಿಷಯವನ್ನು ಹೆಚ್ಚಾಗಿ ಸೇರಿಸಿದರಾಯಿತು.