ಹಣ್ಣು ಕಾಯುವ ನ್ಯಾನೊ ಹನಿ

100 ಕಿಲೋ ಸೀಬೆಹಣ್ಣು ಬೆಳೆದರೆ ಅದರಲ್ಲಿ ಸುಮಾರು 16 ಕಿಲೋ ಯಾರ ಬಾಯಿಗೂ ಸೇರುವುದಿಲ್ಲ. ಟೊಮೆಟೊ ಆದರೆ 12 ಕಿಲೋ, ಮಾವು 9, ಬಾಳೆ ಸುಮಾರು 8. ಲುಧಿಯಾನದಲ್ಲಿರುವ ಕೇಂದ್ರೀಯ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆ, ಕೊಯ್ಲಿನಿಂದ ಅಂಗಡಿಯವರೆಗೆ ಆಗುವ ನಷ್ಟವನ್ನು ದೇಶದಾದ್ಯಂತ ಅಳೆದು 2015ರಲ್ಲಿ ಕೊಟ್ಟ ಲೆಕ್ಕ ಇದು. ಜೀವಮಾನವೆಲ್ಲ ಲೆಡ್ಜರ್ ತಿರುವಿದ ನನ್ನಂಥವನಿಗೆ ಈ ಅಂಕಿ ಕಣ್ಣಿಗೆ ಚುಚ್ಚುತ್ತದೆ. ಸಂಜೆ ಕ್ಯಾಷ್ ಟ್ಯಾಲಿ ಮಾಡುವಾಗ ನೂರಕ್ಕೆ ಹದಿನಾರು ರೂಪಾಯಿ ಕಡಿಮೆ ಬಿದ್ದಿದ್ದರೆ ನಮ್ಮನ್ನು ಮನೆಗೆ ಬಿಡುತ್ತಿದ್ದರೇ?

ಈ ನಷ್ಟ ಯಾರ ಖಾತೆಗೆ ಬೀಳುತ್ತದೆ? ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದ 8ನೇ ಕ್ರಾಸಿನಲ್ಲೋ ತಳ್ಳುಗಾಡಿ ನಿಲ್ಲಿಸಿಕೊಂಡವರನ್ನು ಒಮ್ಮೆ ಗಮನಿಸಿ. ನಸುಕಿನಲ್ಲೇ ಎದ್ದು ಮಾರ್ಕೆಟ್ಟಿನಿಂದ ತಂದ ಹಣ್ಣು, ಅದೂ ಎಷ್ಟೋ ಸಲ ಕೈಸಾಲದ್ದು. ಕೋಲ್ಡ್ ಸ್ಟೋರೇಜ್ ಅವರ ಪಾಲಿಗಿಲ್ಲ. ಇರುವುದು ಒಂದು ಗೋಣಿತಾಟು, ಚಿಮುಕಿಸಲು ಒಂದಿಷ್ಟು ನೀರು. ಮೂರನೇ ದಿನಕ್ಕೆ ಹಣ್ಣಿನ ಮೈಮೇಲೆ ಕಪ್ಪು ಚುಕ್ಕೆ ಮೂಡಿದರೆ ಅರ್ಧ ಬೆಲೆ. ಆ ಅರ್ಧ ಬೆಲೆಗೂ ಚೌಕಾಸಿ ಮಾಡುವವರು ನಾವೇ.

ಕಿತ್ತ ಮೇಲೂ ಹಣ್ಣಿಗೆ ಜೀವವಿರುತ್ತದೆ. ಅದು ಉಸಿರಾಡುತ್ತದೆ, ತನ್ನೊಳಗಿನ ಸಕ್ಕರೆಯನ್ನೇ ಖರ್ಚು ಮಾಡುತ್ತದೆ. ಮಾವು, ಬಾಳೆಯಂಥವು ಎಥಿಲೀನ್ ಎಂಬ ಅನಿಲವನ್ನೂ ಬಿಡುತ್ತವೆ. ಪಕ್ಕದ ಕಾಯಿಯೂ ಬೇಗ ಹಣ್ಣಾಗುವುದು ಈ ಅನಿಲದಿಂದ. ನಮ್ಮ ಅಜ್ಜಿಯರು ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದುದು ಈ ಅನಿಲವನ್ನು ಕೂಡಿಹಾಕಲೆಂದೇ. ಹೆಸರು ಗೊತ್ತಿರಲಿಲ್ಲ ಅಷ್ಟೆ. ಹಣ್ಣಾದ ಮೇಲೆ ಒಳಗೆ ಇನ್ನೊಂದು ಕೆಲಸ ನಡೆಯುತ್ತದೆ. ಪ್ರತಿಯೊಂದು ಜೀವಕೋಶದ ಸುತ್ತಲೂ ಕೊಬ್ಬಿನ ಅಂಶದ ತೆಳು ಪೊರೆ ಇದೆ. ಫಾಸ್ಫೊಲೈಪೇಸ್-ಡಿ ಎಂಬ ಕಿಣ್ವ ಈ ಪೊರೆಯನ್ನು ಸ್ವಲ್ಪ ಸ್ವಲ್ಪವೇ ಒಡೆಯುತ್ತದೆ. ಪೊರೆ ಹರಿದರೆ ರಸ ಸೋರುತ್ತದೆ, ಹಣ್ಣು ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ.

ಆ ಕಿಣ್ವಕ್ಕೆ ಕಡಿವಾಣ ಹಾಕುವ ವಸ್ತು ಗಿಡಗಳಲ್ಲೇ ಇದೆ. ಮಕ್ಕಳೇ, ಲಾಲ್‌ಬಾಗಿನಲ್ಲಿ ಹುಲ್ಲು ಕತ್ತರಿಸುವಾಗ ಒಂದು ಹಸಿ ವಾಸನೆ ಬರುತ್ತದಲ್ಲ, ಅದರಲ್ಲಿರುವ ಹೆಕ್ಸನಾಲ್ ಎಂಬ ಪದಾರ್ಥವೇ ಇದು. ಇದನ್ನು ಹಣ್ಣಿನ ರಕ್ಷಣೆಗೆ ಬಳಸುವ ದಾರಿ ತೋರಿದವರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಗೋಪಿನಾಥನ್ ಪಾಲಿಯತ್ ಮುಖ್ಯರು. ಅವರು ಪಿಎಚ್.ಡಿ. ಮಾಡಿದ್ದು ಮಲ್ಲೇಶ್ವರದ ಮಗ್ಗುಲಲ್ಲೇ ಇರುವ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 2012ರಲ್ಲಿ ಗ್ವೆಲ್ಫ್, ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಮತ್ತು ಶ್ರೀಲಂಕಾದ ಕೈಗಾರಿಕಾ ತಂತ್ರಜ್ಞಾನ ಸಂಸ್ಥೆ ಒಟ್ಟುಗೂಡಿ, ಕೆನಡಾದ ನೆರವಿನಿಂದ ಮಾವಿನ ಮೇಲೆ ಪ್ರಯೋಗ ಆರಂಭಿಸಿದವು. ಕೊಯ್ಲಿಗೆ ಮುಂಚೆ ಸಿಂಪಡಿಸಿದರೆ ಕಾಯಿ ಮರದಲ್ಲೇ ಎರಡು ಮೂರು ವಾರ ಹೆಚ್ಚು ನಿಲ್ಲುತ್ತದೆ ಎಂದು ಕಂಡುಬಂತು. ಶ್ರೀನಿವಾಸಪುರದ ಕಡೆಯ ಬೆಳೆಗಾರರನ್ನು ಕೇಳಿ, ಈ ಎರಡು ವಾರದ ಬೆಲೆ ಹೇಳುತ್ತಾರೆ. ಎಲ್ಲರ ಮಾವೂ ಒಂದೇ ಸಲ ಮಂಡಿಗೆ ಬಂದು ದರ ಕುಸಿದಾಗ, ಕಾಯಲು ಆಗುವವನಿಗೆ ಸಾಲದ ಕಂತು ಕಟ್ಟಲೂ ಆಗುತ್ತದೆ.

ಆದರೆ ಒಂದು ತೊಡಕು. ಹೆಕ್ಸನಾಲ್ ಬೇಗ ಆವಿಯಾಗಿ ಹಾರಿಹೋಗುತ್ತದೆ. ನ್ಯಾನೊ ತಂತ್ರಜ್ಞಾನ ಬೇಕಾದದ್ದು ಇಲ್ಲಿ. ಒಂದು ಮೀಟರನ್ನು 100 ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80 ಸಾವಿರದಿಂದ 1 ಲಕ್ಷ ನ್ಯಾನೊಮೀಟರ್. (ಈ ಸಣ್ಣ ಲೋಕದ ದೊಡ್ಡ ವಿಜ್ಞಾನಿ, ಭಾರತರತ್ನ ಸಿ.ಎನ್.ಆರ್. ರಾವ್ ಅವರು ಓದಿದ್ದು ನಮ್ಮ ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ.) ಹೆಕ್ಸನಾಲನ್ನು ನೀರಿನಲ್ಲಿ ಅಷ್ಟು ಸಣ್ಣ ಹನಿಗಳಾಗಿ ಒಡೆದರೆ ಹಣ್ಣಿನ ಮೈತುಂಬ ಸಮನಾಗಿ ಹರಡುತ್ತದೆ, ಕೊಂಚವೇ ಸಾಕಾಗುತ್ತದೆ. ಇನ್ನೊಂದು ವಿಧಾನದಲ್ಲಿ ಅದನ್ನು ನಾರಿನ ಹಾಳೆಯೊಳಗೆ ಸೇರಿಸಿ ಹಣ್ಣಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಶ್ರೀಲಂಕಾದವರು ಇದಕ್ಕೆ ಬಾಳೆಯ ನಾರನ್ನೇ ಬಳಸಿದರು. ನಿವೃತ್ತಿಯ ದಿನ ಬಂದ ಇಡಿಗಂಟು ಯಾವ ಯಾವುದಕ್ಕೋ ಕರಗುತ್ತದೆ, ಪಿಂಚಣಿ ಮಾತ್ರ ತಿಂಗಳು ತಿಂಗಳು ಬರುತ್ತದಲ್ಲ, ಹಾಗೆ ಈ ಹಾಳೆಯಿಂದ ಹೆಕ್ಸನಾಲ್ ದಿನವೂ ಸ್ವಲ್ಪ ಸ್ವಲ್ಪ ಹೊರಬರುತ್ತದೆ.

ಇದೇ ಉಪಾಯವನ್ನು ನಮ್ಮ ಬೆಂಗಳೂರಿನವರು ಸೀಬೆಯ ಇನ್ನೊಂದು ಶತ್ರುವಿನ ಮೇಲೆ ಪ್ರಯೋಗಿಸಿದ್ದಾರೆ. ಸೀಬೆಹಣ್ಣು ಕಚ್ಚಿದಾಗ ಬಿಳಿ ಹುಳು ಕಂಡು ಉಗಿದವರಿಗೆ ಆ ಶತ್ರುವಿನ ಪರಿಚಯ ಇದೆ. ಹಣ್ಣಿನ ನೊಣ ಸಿಪ್ಪೆಯಡಿ ಮೊಟ್ಟೆ ಇಟ್ಟು ಹೋಗಿರುತ್ತದೆ. ಗಂಡು ನೊಣಗಳಿಗೆ ಮೀಥೈಲ್ ಯೂಜಿನಾಲ್ ಎಂಬ ವಾಸನೆ ಎಂದರೆ ಪ್ರಾಣ; ನಮ್ಮ ತುಳಸಿಯಲ್ಲೂ ಅದು ಇದೆ. ಅದನ್ನು ಬೋನಿನಲ್ಲಿಟ್ಟು ನೊಣ ಹಿಡಿಯುವುದು ಹಳೆಯ ಪದ್ಧತಿ. ಆದರೆ ಅದೂ ಆವಿಯಾಗುವ ವಸ್ತುವೇ, ಮತ್ತೆ ಮತ್ತೆ ತುಂಬಿಸುತ್ತಿರಬೇಕು. ಹೆಬ್ಬಾಳದ ರಾಷ್ಟ್ರೀಯ ಕೀಟ ಸಂಸ್ಥೆಯ ದೀಪಾ ಭಗತ್, ಭಾರತೀಯ ವಿಜ್ಞಾನ ಸಂಸ್ಥೆಯ ಶಾಂತನು ಭಟ್ಟಾಚಾರ್ಯ ಮತ್ತು ಸಂಗಡಿಗರು ಅದನ್ನು ನ್ಯಾನೊಜೆಲ್ ಒಳಗೆ ಬಂಧಿಸಿದರು. 2013ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಜೆಲ್ ತೋಟದ ಬಿಸಿಲಿನಲ್ಲೂ ಕೆಡದೆ ನಿಂತಿತು, ಸಾಗಿಸಲು ಫ್ರಿಜ್ ಬೇಕಾಗಲಿಲ್ಲ. ಹಣ್ಣಿಗೆ ಏನನ್ನೂ ಬಳಿಯದೆಯೇ ಹುಳು ತಡೆಯುವ ಈ ಕೆಲಸ ನನಗೆ ಬಹಳ ಹಿಡಿಸಿತು.

ನ್ಯಾನೊ ಎಂದರೆ ಗ್ರಾಹಕರಿಗೆ ಅಂಜಿಕೆ ಹುಟ್ಟುವುದು ಸಹಜ. ನಿಷೇಧವಿದ್ದರೂ ಕಾರ್ಬೈಡ್ ಹಾಕಿದ ಮಾವು ತಿಂದವರು ನಾವು. ಬೂಷ್ಟು ಕೊಲ್ಲಲು ಪ್ಯಾಕಿಂಗ್ ಹಾಳೆಗೆ ಬೆಳ್ಳಿಯ ನ್ಯಾನೊ ಕಣ ಸೇರಿಸುವುದೂ ಉಂಟು. ಆ ಕಣ ಹಣ್ಣಿಗೆ ಇಳಿಯುತ್ತದೆಯೇ ಎಂದು ಕೇಳುವ ಹಕ್ಕು ನಮಗಿದೆ, ಏನು ಬಳಸಿದ್ದಾರೆಂದು ಲೇಬಲ್ ಮೇಲೆ ಬರೆಯಲೇಬೇಕು. ಬೆಳ್ಳಿಯ ಹಾಳೆಯನ್ನೂ ಹುಲ್ಲಿನ ವಾಸನೆಯ ಹೆಕ್ಸನಾಲನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಮಾತ್ರ ಸರಿಯಲ್ಲ.

ತಳ್ಳುಗಾಡಿಯವರಿಗೆ ಒದಗುವುದು ಆ ನಾರಿನ ಹಾಳೆಯೇ ಎಂದು ನನ್ನ ಅಂದಾಜು. ಕರೆಂಟ್ ಬೇಡ, ಯಂತ್ರ ಬೇಡ, ಬುಟ್ಟಿಯಲ್ಲಿ ಹಾಕಿದರೆ ಆಯಿತು; ಬೆಲೆ ಒಂದೆರಡು ರೂಪಾಯಿ ದಾಟಬಾರದು. ಅದು ಬರುವ ತನಕ ಮನೆಯಲ್ಲಿ ಇಷ್ಟು ಮಾಡಬಹುದು: ಹಣ್ಣಾದ ಬಾಳೆಯನ್ನು ಸೊಪ್ಪು, ಸೌತೆಕಾಯಿಯಿಂದ ದೂರವಿಡಿ, ಅದರ ಎಥಿಲೀನಿಗೆ ಅವು ಹಳದಿಯಾಗುತ್ತವೆ. ಬಾಳೆಕಾಯಿಯನ್ನು ಫ್ರಿಜ್ಜಿನಲ್ಲಿಡಬೇಡಿ, ಚಳಿಗೆ ಸಿಪ್ಪೆ ಕಪ್ಪಾಗಿ, ಆಮೇಲೆ ಹೊರಗಿಟ್ಟರೂ ಸರಿಯಾಗಿ ಹಣ್ಣಾಗುವುದಿಲ್ಲ.